ನಾಟಕದವರೂ ಊರವರೂ

ಊರಿಗೆ ನಾಟಕದ ಮಂಡಳಿಯೊಂದು ಬಂದಿತೆಂದರೆ ಅಲ್ಲಿ ಎರಡು ಬಗೆಯ ಧ್ವನಿಗಳು ಏಳುವುದು ಲೋಕರೂಢಿಯಾಗಿದೆ. ಒಂದು ರಂಗದೊಳಗಿನ ಹಾರ್ಮೋನಿಯಮ್ಮಿನ ಧ್ವನಿ. ಇನ್ನೊಂದು ರಂಗದ ಹೊರಗೆ ಜಗಲಿಗಳ ಮೇಲೆ ಕೇಳಿಬರುವ ಗೊಣಗಾಟದ ಧ್ವನಿ. ಮೊದಲನೆಯದನ್ನು ಕೇಳಲು ಜನರು ಹಣ ಕೊಡುವರು. ಎರಡನೆಯದು ಧರ್ಮಾರ್ಥವಾಗಿ ದೊರೆಯುವುದು. ನಿದ್ರೆ ಕೆಟ್ಟಿತೆಂದು ವೃದ್ಧರೂ, ಹುಡುಗರ ಓದು ಕೆಟ್ಟಿತೆಂದು ತಾಯಂದಿರೂ, ಮಾತು ಹೊಲಸಾಯಿತೆಂದು ಮರ್ಯಾದಸ್ಥರೂ ದೂರುವರು. ತಮ್ಮ ದೇವರನ್ನೋ ಕುಲವನ್ನೋ ಪಕ್ಷವನ್ನೋ ಹೀನಾಯಗೊಳಿಸಿದರೆಂದು ಮತ್ತೆ ಕೆಲವರು ಕೋಪಿಸಿಕೊಳ್ಳುವರು. ನಾಟಕದವರ ಕಡೆಯ ದೂರುಗಳಿಗೂ ಕೊರತೆಯಿಲ್ಲ. ಬಾಡಿಗೆಗೆ ಮನೆ ಕೊಡುವವರಿಲ್ಲ; ಪುಕ್ಕಟೆ ಪಾಸು ಕೇಳುವವರಿಗೆ ಲೆಕ್ಕವಿಲ್ಲ; ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ತಮ್ಮನ್ನು ತೋರಿಸಿ ಮಕ್ಕಳಿಗೆ ಎಚ್ಚರಿಕೆ ಹೇಳುತ್ತವೆ.

ಯಾತ್ರಿಕರೂ ಪ್ರವಾಸಿಗಳೂ ಬರುವ ಊರುಗಳಲ್ಲಿ ಈ ವಿರಸವು ಇನ್ನಷ್ಟು ತೀಕ್ಷ್ಣವಾಗುವುದು. ಅಲ್ಲಿ ಆಟವನ್ನು ನೋಡಿ ನಕ್ಕು ಹೋಗುವವರಲ್ಲಿ ಅನೇಕರು ಪರಸ್ಥಳದವರು. ಸದ್ದನ್ನೂ ಧೂಳನ್ನೂ ಜನಸಂದಣಿಯನ್ನೂ ಸಹಿಸತಕ್ಕವರು ಮಾತ್ರ ಊರವರು. ಹೀಗಿರುವಾಗ, ನಾಟಕವು ಯಾರದು, ಆಡುವವರದೋ, ನೋಡುವವರದೋ, ಅಥವಾ ಅದು ನಡೆಯುವ ಊರಿನದೋ ಎಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟುತ್ತದೆ. ಈ ಪ್ರಶ್ನೆಯು ನಮ್ಮ ಕಾಲದ್ದಲ್ಲ, ಬಹು ಹಳೆಯದು. ಹಿಂದಿನವರು ಇದಕ್ಕೆ ಹೇಳಿದ ಉತ್ತರಗಳನ್ನೂ, ಇತ್ತೀಚೆಗೆ ನಮ್ಮ ನೆರೆಹೊರೆಯಲ್ಲಿ ನಡೆದ ಕೆಲವು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲ ನಾಟಕ, ಮೊದಲ ಜಗಳ

ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಈ ಜಗಳದ ಕಥೆ ಇದೆ. ಇಂದ್ರನ ಧ್ವಜಮಹೋತ್ಸವದಲ್ಲಿ ಮೊಟ್ಟಮೊದಲ ನಾಟ್ಯಪ್ರಯೋಗವು ನಡೆಯಿತಂತೆ. ವಸ್ತು ದೇವತೆಗಳ ಜಯ, ದೈತ್ಯರ ಸೋಲು. ಸಭೆಯಲ್ಲಿ ದೇವತೆಗಳು ಮಾತ್ರವಲ್ಲ, ದೈತ್ಯರೂ ಕುಳಿತಿದ್ದರು. ತಮ್ಮ ಸೋಲನ್ನು ತಮ್ಮೆದುರಿಗೇ ಆಡಿ ತೋರಿಸಿದರೆ ಯಾರು ತಾನೇ ಸಹಿಸಿಯಾರು? ವಿರೂಪಾಕ್ಷನೆಂಬವನ ಮುಂದಾಳುತನದಲ್ಲಿ ವಿಘ್ನಗಳು ಎದ್ದು ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭನಗೊಳಿಸಿದುವು. ಇಂದ್ರನು ಧ್ವಜದಂಡವನ್ನೇ ಎತ್ತಿಕೊಂಡು ಅವರನ್ನು ಜರ್ಜರಗೊಳಿಸಿದನು. ಆ ದಂಡಕ್ಕೆ ಜರ್ಜರವೆಂದೇ ಹೆಸರಾಯಿತು. ಆದರೂ ವಿಘ್ನಗಳು ನಿಲ್ಲಲಿಲ್ಲ. ಆಗ ವಿಶ್ವಕರ್ಮನು ಭದ್ರವಾದ ನಾಟ್ಯಗೃಹವೊಂದನ್ನು ಕಟ್ಟಿದನು. ಅದರ ಒಂದೊಂದು ಭಾಗಕ್ಕೆ ಒಬ್ಬೊಬ್ಬ ದೇವತೆಯು ಕಾವಲು ನಿಂತನು.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಇದರ ಸ್ವಾರಸ್ಯವಿರುವುದು ಮುಂದೆ. ದಂಡಕ್ಕಿಂತ ಮೊದಲು ಸಾಮವನ್ನು ಪ್ರಯೋಗಿಸಬೇಕೆಂದು ದೇವತೆಗಳೇ ಬ್ರಹ್ಮನಿಗೆ ಬಿನ್ನವಿಸಿದರು. ಬ್ರಹ್ಮನು ವಿರೂಪಾಕ್ಷನನ್ನು ಕರೆದು, ಏತಕ್ಕೆ ಕೆಡಿಸುತ್ತೀಯೆಂದು ಕೇಳಿದನು. ನೀವು ದೇವತೆಗಳಿಗಾಗಿ ಈ ವಿದ್ಯೆಯನ್ನು ಸೃಷ್ಟಿಸಿ ನಮ್ಮನ್ನು ಅವಮಾನಪಡಿಸಿದಿರಿ, ನಾವೂ ನಿಮ್ಮಿಂದಲೇ ಹುಟ್ಟಿದವರಲ್ಲವೆ ಎಂಬುದು ಅವನ ದೂರು. ಬ್ರಹ್ಮನು ಸಿಟ್ಟಾಗಲಿಲ್ಲ. ನಾಟ್ಯವು ದೇವತೆಗಳೊಬ್ಬರದೂ ಅಲ್ಲ, ನಿಮ್ಮೊಬ್ಬರದೂ ಅಲ್ಲ. ಮೂರು ಲೋಕದ ಭಾವಗಳನ್ನೂ ತೋರಿಸತಕ್ಕದ್ದು ಅದು ಎಂದು ವಿವರಿಸಿ ಸಮಾಧಾನಪಡಿಸಿದನು. ನಾಟ್ಯದ ಲಕ್ಷಣವನ್ನು ಹೇಳುವ ಪ್ರಸಿದ್ಧವಾದ ಆ ಮಾತುಗಳು ಶಿಷ್ಯರಿಗೆ ಹೇಳಿದ ಪಾಠವಾಗಿರದೆ, ಆಕ್ಷೇಪಣೆ ಮಾಡಿದ ಪ್ರೇಕ್ಷಕನಿಗೆ ಕೊಟ್ಟ ಉತ್ತರವಾಗಿವೆಯೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಅದೇ ಶಾಸ್ತ್ರದ ಕೊನೆಯಲ್ಲಿ ಇದಕ್ಕೆ ವಿರುದ್ಧವಾದ ಕಥೆ ಬರುತ್ತದೆ. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನು ಅಣಕಿಸಿ ಗ್ರಾಮ್ಯವಾದ ಪ್ರಹಸನವೊಂದನ್ನು ಆಡಿದರು. ಋಷಿಗಳು ಕೋಪಗೊಂಡು, ನೀವು ನಿಮ್ಮ ಸ್ಥಾನದಿಂದ ಭ್ರಷ್ಟರಾಗಿರೆಂದು ಶಪಿಸಿದರು. ಮೊದಲ ಕಥೆಯಲ್ಲಿ ಅಸಹನೆಯು ಪ್ರೇಕ್ಷಕನದು. ಕಡೆಯ ಕಥೆಯಲ್ಲಿ ಅವಿನಯವು ನಟನದು. ಶಾಸ್ತ್ರಕಾರನು ಎರಡನ್ನೂ ಬರೆದಿಟ್ಟನು. ಒಂದು ಪಕ್ಷದ ವಕಾಲತ್ತು ವಹಿಸಲಿಲ್ಲ.

ಕೌಟಿಲ್ಯನ ಲೆಕ್ಕ

ಭರತನು ಪುರಾಣದ ರೀತಿಯಲ್ಲಿ ಹೇಳಿದುದನ್ನು ಕೌಟಿಲ್ಯನು ಆಡಳಿತದ ರೀತಿಯಲ್ಲಿ ಹೇಳಿರುವನು. ಹಳ್ಳಿಗಳಲ್ಲಿ ವಿನೋದಕ್ಕಾಗಿ ಶಾಲೆಗಳನ್ನು ಕಟ್ಟಕೂಡದು, ನಟರೂ ನರ್ತಕರೂ ಗಾಯಕರೂ ಹಳ್ಳಿಯವರ ಕೆಲಸಕ್ಕೆ ವಿಘ್ನ ಮಾಡಕೂಡದು ಎಂದು ಅರ್ಥಶಾಸ್ತ್ರವು ವಿಧಿಸುತ್ತದೆ. ಹೊಲದ ಕೆಲಸ ನಿಂತರೆ ಹಳ್ಳಿಗೆ ಬೇರೆ ಆಶ್ರಯವಿಲ್ಲವೆಂಬುದು ಅದರ ಕಾರಣ. ಪರಸ್ಥಳದಿಂದ ಬರುವ ಮೇಳವು ಒಂದು ಪ್ರದರ್ಶನಕ್ಕೆ ಐದು ಪಣಗಳ ತೆರಿಗೆಯನ್ನು ಕೊಡಬೇಕು. ಮಳೆಗಾಲದಲ್ಲಿ ಕುಶೀಲವರು ಅಲೆಯದೆ ಒಂದೇ ಸ್ಥಳದಲ್ಲಿರಬೇಕು. ಅವರು ದೇಶ, ಜಾತಿ, ಗೋತ್ರ ಮೊದಲಾದುವುಗಳನ್ನು ಹಾಸ್ಯ ಮಾಡಿ ಜನರನ್ನು ನಗಿಸಬಹುದು. ಆದರೆ ಒಬ್ಬನನ್ನೇ ಹಿಡಿದು ಮಿತಿಮೀರಿದ ಮಾತನಾಡಕೂಡದು.

ಇವೆಲ್ಲಕ್ಕಿಂತಲೂ ನಮಗೆ ಅರ್ಥವತ್ತಾಗಿ ಕಾಣುವುದು ಗ್ರಾಮದ ಪ್ರೇಕ್ಷೆಯನ್ನು ಕುರಿತ ಇನ್ನೊಂದು ವಿಧಿ. ಊರಿನವರು ಸೇರಿ ಏರ್ಪಡಿಸಿದ ಆಟಕ್ಕೆ ತನ್ನ ಅಂಶವನ್ನು, ಎಂದರೆ ಪಾಲನ್ನು, ಕೊಡದವನು ತಾನಾಗಲಿ ತನ್ನ ಮನೆಯವರಾಗಲಿ ಆಟವನ್ನು ನೋಡಕೂಡದು. ಮರೆಯಲ್ಲಿ ನಿಂತು ನೋಡಿದರೂ ಕೇಳಿದರೂ ಎರಡರಷ್ಟು ತೆರಬೇಕು! ಪುಕ್ಕಟೆ ಪಾಸಿನ ಗೃಹಸ್ಥರು ಆ ಕಾಲದಲ್ಲಿಯೂ ಇದ್ದರೆಂದು ಇದರಿಂದ ತಿಳಿದು ನಮಗೆ ಸ್ವಲ್ಪ ಸಮಾಧಾನವಾಗುತ್ತದೆ. ನಗೆಯ ಮಾತು ಹಾಗಿರಲಿ. ಆಟವೆಂಬುದು ಊರಿನ ಸಮಾನ ಕಾರ್ಯ, ಅದರಲ್ಲಿ ಮನೆಮನೆಗೂ ಪಾಲುಂಟು ಎಂಬ ಭಾವನೆಯೇ ಈ ವಿಧಿಯ ಜೀವಾಳ. ನಾಟಕದವರಿಗೂ ಊರವರಿಗೂ ಜಗಳ ಬಂದ ಕಡೆಗಳಲ್ಲೆಲ್ಲ ವಿಚಾರಿಸಿ ನೋಡಿದರೆ, ಈ ಪಾಲು ತಪ್ಪಿಹೋಗಿರುವುದು ಕಂಡುಬರುವುದೆಂಬುದೇ ನಮ್ಮ ಪ್ರತಿಪಾದನೆ.

ಕಂಪನಿಗಳ ಕಾಲ

ನಮ್ಮ ಮೈಸೂರಿನ ಸೀಮೆಯಲ್ಲಿ ಆಧುನಿಕ ನಾಟಕವು ಅರಮನೆಯ ಆಶ್ರಯದಲ್ಲಿ ಬೆಳೆಯಿತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅವರ ಹೆಸರಿನ ನಾಟಕಸಭೆಯು ಏರ್ಪಟ್ಟಿತು. ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿದರು. ಅನಂತರ ಬಂದದ್ದು ಊರೂರು ತಿರುಗುವ ಮಂಡಳಿಗಳ ಕಾಲ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ವೀರಣ್ಣನವರಿಂದ ಪ್ರಖ್ಯಾತವಾದ ಕಂಪನಿಯೂ, ೧೯೦೨ರಲ್ಲಿ ಎ. ವಿ. ವರದಾಚಾರ್ಯರು ಮೈಸೂರಿನಲ್ಲಿ ಸ್ಥಾಪಿಸಿದ ರತ್ನಾವಳಿ ನಾಟಕಸಭೆಯೂ ಇವುಗಳಲ್ಲಿ ಅಗ್ರಗಣ್ಯವಾದುವು. ೧೯೩೪ರಲ್ಲಿ ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು.

ಅರಮನೆಯ ನಾಟಕಕ್ಕೂ ಕಂಪನಿಯ ನಾಟಕಕ್ಕೂ ಇದ್ದ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಅರಮನೆಯ ನಟನು ಒಬ್ಬ ಪ್ರಭುವನ್ನು ಮೆಚ್ಚಿಸಿದರೆ ಸಾಕಾಗಿತ್ತು. ಕಂಪನಿಯ ನಟನು ಪ್ರತಿರಾತ್ರಿಯೂ ನೆಲ, ಬೆಂಚು, ಕುರ್ಚಿಗಳ ಮೇಲೆ ಕುಳಿತ ನೂರಾರು ಪ್ರಭುಗಳನ್ನು ಮೆಚ್ಚಿಸಬೇಕಾಯಿತು. ಕಂಪನಿಯು ಒಂದು ಊರಿನಲ್ಲಿ ಬಿಡಾರ ಮಾಡಿತೆಂದರೆ ತಗಡಿನ ರಂಗಮಂದಿರ, ಪರದೆಗಳ ಪೆಟ್ಟಿಗೆಗಳು, ಅಡಿಗೆಯವರು, ಹೆಂಗಸರು, ಮಕ್ಕಳು, ಇವರೆಲ್ಲ ಸೇರಿದ ಒಂದು ಚಿಕ್ಕ ಊರೇ ದೊಡ್ಡ ಊರಿನೊಳಗೆ ಬಂದು ಇಳಿಯುತ್ತಿತ್ತು. ದಿನಸಿ ಅಂಗಡಿಯವನಿಗೂ ಹಾಲಿನವಳಿಗೂ ಹೂವಿನವಳಿಗೂ ಜಟಕಾದವನಿಗೂ ಅದು ಸುಗ್ಗಿ. ಆದರೆ ಆ ಊರು ಈ ಊರನ್ನು ತನ್ನದೆಂದು ಎಣಿಸಲಿಲ್ಲ. ರಾಮನ ವೇಷದಲ್ಲಿ ಬಂದವನಿಗೆ ಮಂಗಳಾರತಿ ಎತ್ತಿದವರೇ, ವೇಷ ಕಳಚಿದ ಮೇಲೆ ಅವನಿಗೆ ಮನೆಯ ಕೋಣೆಯನ್ನು ಬಾಡಿಗೆಗೆ ಕೊಡಲು ಹಿಂದೆಗೆದರು. ಸ್ತ್ರೀಯರು ರಂಗವನ್ನೇರಿದ ಮೇಲೆ ಅವರು ಅನುಭವಿಸಿದ ಕಷ್ಟವು ಇದಕ್ಕೂ ಹೆಚ್ಚಿನದು. ಭರತಪುತ್ರರ ಶಾಪವನ್ನು ಋಷಿಗಳು ಕೊಟ್ಟರೋ ಇಲ್ಲವೋ ತಿಳಿಯದು. ಗೃಹಸ್ಥರು ಮಾತ್ರ ಅದನ್ನು ತಪ್ಪದೆ ನಡೆಸಿದರು.

ಬನಶಂಕರಿಯ ಜಾತ್ರೆ

ಈ ಕಂಪನಿಗಳ ಪರಂಪರೆಯು ಇಂದಿಗೂ ಜೀವದಿಂದಿರುವ ಸ್ಥಳ ಬಾದಾಮಿಯ ಹತ್ತಿರದ ಬನಶಂಕರಿ. ಚಾಲುಕ್ಯರ ಗುಹಾಲಯಗಳನ್ನು ನೋಡಲು ದೇಶವಿದೇಶಗಳಿಂದ ಪ್ರವಾಸಿಗಳು ಬರುವ ಬಾದಾಮಿಗೆ ಕೆಲವೇ ಮೈಲಿಗಳ ದೂರದಲ್ಲಿ, ಬನದ ಹುಣ್ಣಿಮೆಯಂದು ದೇವಿಯ ರಥೋತ್ಸವವು ನಡೆಯುತ್ತದೆ. ಅದರೊಡನೆ ಆರಂಭವಾಗುವ ಜಾತ್ರೆಯಲ್ಲಿ ಹಲವು ವೃತ್ತಿನಾಟಕ ಕಂಪನಿಗಳು ಸಾಲಾಗಿ ರಂಗಮಂದಿರಗಳನ್ನು ಹಾಕಿಕೊಂಡು ಸುಮಾರು ಒಂದು ತಿಂಗಳ ಕಾಲ ಆಟಗಳನ್ನಾಡುತ್ತವೆ. ಇಡೀ ವರ್ಷದ ಜೀವನಕ್ಕೆ ಈ ಒಂದು ಜಾತ್ರೆಯ ಸಂಪಾದನೆಯನ್ನೇ ನೆಚ್ಚಿಕೊಂಡ ಕಂಪನಿಗಳೂ ಉಂಟು. ಕೋವಿಡ್ ಮಹಾಮಾರಿಯ ಕಾಲದಲ್ಲಿ ಜಾತ್ರೆಯು ನಿಂತಾಗ ಅವು ಎಂತಹ ಸಂಕಟಕ್ಕೆ ಸಿಕ್ಕಿದುವೆಂಬುದನ್ನು ಊಹಿಸಬಹುದು.

ಇಲ್ಲಿಯ ದೂರು ದ್ವಂದ್ವಾರ್ಥದ ಮಾತುಗಳದು. ಹೆಂಡತಿಮಕ್ಕಳೊಡನೆ ಕುಳಿತು ನೋಡುವಂತಿಲ್ಲವೆಂದು ಗೃಹಸ್ಥರು ಹೇಳುವರು. ಪಕ್ಕದ ಮಂದಿರದವನು ಅಂತಹ ಮಾತಿನಿಂದ ಜನರನ್ನು ಎಳೆದುಕೊಳ್ಳುತ್ತಿರುವಾಗ ನಾವು ಹರಿಶ್ಚಂದ್ರನನ್ನು ಆಡಿ ಖಾಲಿ ಕುರ್ಚಿಗಳಿಗೆ ಉಪದೇಶ ಮಾಡಬೇಕೆ ಎಂದು ಕಂಪನಿಯವರು ಕೇಳುವರು. ಎರಡು ಮಾತೂ ಸುಳ್ಳಲ್ಲ. ಜಾತ್ರೆಯ ಪ್ರೇಕ್ಷಕನು ಇಂದು ಬಂದು ನಾಳೆ ಹೋಗತಕ್ಕವನು. ಅವನಿಗೂ ಕಂಪನಿಗೂ ಒಂದು ರಾತ್ರಿಯ ನಂಟು. ನೂರು ರಾತ್ರಿಗಳ ನಂಟಿದ್ದ ಕಾಲದಲ್ಲಿ, ಊರಿನ ಹಿರಿಯರು ಮರುದಿನ ಬೆಳಿಗ್ಗೆ ಕಂಪನಿಯ ಯಜಮಾನನನ್ನು ಕಂಡು, ನಿನ್ನೆ ಆ ಮಾತು ಅಷ್ಟು ಚೆನ್ನಾಗಿರಲಿಲ್ಲ ಸ್ವಾಮಿ ಎಂದರೆ ಅದು ಆ ರಾತ್ರಿಯೇ ಬಿಟ್ಟುಹೋಗುತ್ತಿತ್ತು. ಆ ಬೆಳಗಿನ ಭೇಟಿಯು ತಪ್ಪಿದುದೇ ಇಲ್ಲಿಯ ನಷ್ಟ. ಆಕ್ಷೇಪಣೆಯು ಈಗ ಯಜಮಾನನ ಕಿವಿಗೆ ಬೀಳುವುದಿಲ್ಲ. ನೇರವಾಗಿ ಪತ್ರಿಕೆಗೋ ಪೋಲೀಸು ಠಾಣೆಗೋ ಹೋಗುತ್ತದೆ.

ರಾತ್ರಿಯ ಸದ್ದಿನ ವಿಷಯದಲ್ಲಿಯೂ ಹೀಗೆಯೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಕೂಡದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಈ ನಿಯಮದ ಕಾರಣದಿಂದ ಕಟೀಲಿನ ಯಕ್ಷಗಾನ ಮೇಳಗಳು ೨೦೨೨ರಲ್ಲಿ ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಯ ಆಟಕ್ಕೆ ಬಂದುವು. ಆಗ ದೂರಿದವರು ನಿದ್ರೆ ಬೇಕೆಂದವರಲ್ಲ. ಹರಕೆಯ ಆಟವು ಬೆಳಗಿನವರೆಗೂ ನಡೆಯಬೇಕೆಂದ ಭಕ್ತರು! ವಿಷಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ತಮ್ಮ ಪಾಲಿನ ಆಟವೆಂದು ಜನರು ಭಾವಿಸಿದರೆ ನಿದ್ರೆಯೂ ದೊಡ್ಡದಲ್ಲ. ಪರರ ಆಟವೆಂದು ಭಾವಿಸಿದರೆ ಮೃದಂಗದ ಒಂದು ಪೆಟ್ಟೂ ಹಿಂಸೆಯೇ.

ಮೈಸೂರಿನ ರಂಗಾಯಣ

ಈಗ ನಮ್ಮ ನೆರೆಯ ಮೈಸೂರಿನ ಸಂಗತಿ. ಅರಮನೆ, ದಸರಾ, ಬೆಟ್ಟಗಳಿಂದ ಪ್ರವಾಸಿಗಳ ಊರೆನಿಸಿದ ಈ ನಗರದಲ್ಲಿ ರಾಜ್ಯ ಸರ್ಕಾರವು ೧೯೮೯ರಲ್ಲಿ ರಂಗಾಯಣವನ್ನು ಸ್ಥಾಪಿಸಿತು. ಬಿ. ವಿ. ಕಾರಂತರು ಅದರ ಮೊದಲ ನಿರ್ದೇಶಕರು. ಸಂಬಳ ಪಡೆಯುವ ನಟರು ಒಂದೇ ಸ್ಥಳದಲ್ಲಿದ್ದು ವರ್ಷವೆಲ್ಲ ನಾಟಕವಾಡುವ ಇಂತಹ ಏರ್ಪಾಡು ಕನ್ನಡಕ್ಕೆ ಹೊಸದಾಗಿತ್ತು. ಬಹುರೂಪಿಯೆಂಬ ನಾಟಕೋತ್ಸವವು ಊರಿಗೆ ಒಂದು ಹಬ್ಬವೇ ಆಯಿತು. ೨೦೧೦ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಅದರ ಆವರಣದಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಆಡಿದಾಗ, ಜನರು ಕಂಬಳಿ ಹೊದ್ದು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಟರ ಹಿಂದೆಯೇ ನಡೆದು ನೋಡಿದರು. ಕೌಟಿಲ್ಯನು ಹೇಳಿದ ಪಾಲು ಅಂದು ಊರಿಗೆ ದೊರೆತಿತ್ತು.

ಹತ್ತು ಹನ್ನೆರಡು ವರ್ಷಗಳಲ್ಲಿ ಪರಿಸ್ಥಿತಿಯು ಬದಲಾಯಿತು. ೨೦೨೧ರ ಡಿಸೆಂಬರಿನಲ್ಲಿ ಬಹುರೂಪಿ ಉತ್ಸವಕ್ಕೆ ಕರೆದ ಅತಿಥಿಗಳ ಆಯ್ಕೆಯನ್ನು ಆಕ್ಷೇಪಿಸಿ ರಂಗಕರ್ಮಿಗಳೂ ಲೇಖಕರೂ ಇತರ ನಾಗರಿಕರೂ ಪ್ರತಿಭಟಿಸಿದರು. ರಂಗಭೂಮಿಗೆ ಸಂಬಂಧಿಸದ ರಾಜಕೀಯ ವಾದವನ್ನು ಉತ್ಸವದೊಳಕ್ಕೆ ತರಲಾಗುತ್ತಿದೆಯೆಂಬುದು ಅವರ ವಾದ. ಅತಿಥಿಗಳನ್ನು ಕರೆಯುವ ಅಧಿಕಾರವು ಸಂಸ್ಥೆಯದೆಂಬುದು ನಿರ್ದೇಶಕರಾಗಿದ್ದ ಅಡ್ಡಂಡ ಸಿ. ಕಾರ್ಯಪ್ಪನವರ ವಾದ. ಮುಂದೆ ಹೋದ ಉತ್ಸವವು ೨೦೨೨ರ ಮಾರ್ಚಿಯಲ್ಲಿ ನಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಕಾರ್ಯಪ್ಪನವರೇ ಬರೆದು ನಿರ್ದೇಶಿಸಿದ, ಟಿಪ್ಪುಸುಲ್ತಾನನನ್ನು ಕುರಿತ ನಾಟಕವು ರಂಗಕ್ಕೆ ಬಂದಾಗ ವಿರಸವು ಇನ್ನೂ ಬೆಳೆಯಿತು. ನಾಟಕದ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯವೊಂದು ತಾತ್ಕಾಲಿಕವಾಗಿ ತಡೆಯನ್ನು ವಿಧಿಸಿತು. ಪ್ರಯೋಗವು ಪೋಲೀಸರ ಕಾವಲಿನಲ್ಲಿ ನಡೆಯಿತು. ೨೦೨೩ರಲ್ಲಿ ರಾಜ್ಯದ ಸರ್ಕಾರವು ಬದಲಾದ ಮೇಲೆ ಕಾರ್ಯಪ್ಪನವರು ಆ ಸ್ಥಾನದಲ್ಲಿ ಉಳಿಯಲಿಲ್ಲ.

ಆನವಟ್ಟಿಯ ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ೨೦೨೨ರ ಜುಲೈ ತಿಂಗಳಲ್ಲಿ ಸೊರಬ ತಾಲ್ಲೂಕಿನ ಆ ಊರಿನಲ್ಲಿ ಜಯಂತ ಕಾಯ್ಕಿಣಿಯವರು ರೂಪಾಂತರಿಸಿದ ‘ಜೊತೆಗಿರುವನು ಚಂದಿರ’ ನಾಟಕವು ನಡೆಯುತ್ತಿರುವಾಗಲೇ ಕೆಲವರು ನುಗ್ಗಿ ಅದನ್ನು ನಿಲ್ಲಿಸಿದರು. ಎರಡು ಮತಗಳ ಪಾತ್ರಗಳ ಪ್ರೇಮವಿವಾಹವು ಅದರಲ್ಲಿದೆಯೆಂಬುದು ಅವರ ಕೋಪ. ಮೈಸೂರಿನಲ್ಲಿ ಕೋಪಗೊಂಡವರು ಒಂದು ಪಕ್ಷದವರು, ಆನವಟ್ಟಿಯಲ್ಲಿ ಕೋಪಗೊಂಡವರು ಇನ್ನೊಂದು ಪಕ್ಷದವರು. ಇವರಲ್ಲಿ ಯಾರ ಇತಿಹಾಸ ಸರಿ, ಯಾರ ನಂಬಿಕೆ ಸರಿ ಎಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಎರಡಕ್ಕೂ ಒಂದು ಭೇದವನ್ನು ಮಾತ್ರ ಹೇಳದೆ ವಿಧಿಯಿಲ್ಲ: ಬಾಗಿಲ ಹೊರಗೆ ನಿಂತು ಘೋಷಿಸುವುದೂ ನ್ಯಾಯಾಲಯಕ್ಕೆ ಹೋಗುವುದೂ ಪೌರನ ಹಕ್ಕು, ರಂಗವನ್ನೇರಿ ನಟನ ಬಾಯಿ ಮುಚ್ಚಿಸುವುದು ವಿರೂಪಾಕ್ಷನ ಕೆಲಸ. ಆದರೆ ಪೋಲೀಸರ ಕಾವಲಿನಲ್ಲಿ ನಡೆದ ನಾಟಕವನ್ನೂ ಗೆದ್ದ ನಾಟಕವೆಂದು ಹೇಳುವಂತಿಲ್ಲ. ಅಲ್ಲಿ ಜರ್ಜರವು ಮಾತ್ರ ಕೆಲಸ ಮಾಡಿತು; ಸಾಮವು ಬರಲೇ ಇಲ್ಲ.

ರಂಗಾಯಣದ ವಿಷಯದಲ್ಲಿ ಮೂಲವಾದ ತೊಡಕು ಇನ್ನೊಂದಿದೆ. ಅದರ ಖರ್ಚನ್ನು ಪ್ರಜೆಗಳ ತೆರಿಗೆಯು ಭರಿಸುತ್ತದೆ. ಅದರ ನಿರ್ದೇಶಕರನ್ನು ಸರ್ಕಾರವು ನೇಮಿಸುತ್ತದೆ. ಊರವರಿಗೆ ಟಿಕೆಟ್ಟು ಕೊಳ್ಳುವ ಕೆಲಸವೊಂದೇ ಉಳಿಯುತ್ತದೆ. ಸರ್ಕಾರ ಬದಲಾದಾಗಲೆಲ್ಲ ರಂಗದ ದಿಕ್ಕೂ ಬದಲಾಗಬಹುದೆಂಬ ಶಂಕೆ ಹುಟ್ಟಿದ ಮೇಲೆ, ಅಂಶವನ್ನು ಕೊಟ್ಟೂ ಅಂಶವಿಲ್ಲದವರಾದ ಜನರು ಬೀದಿಗೆ ಬರುವುದು ಆಶ್ಚರ್ಯವಲ್ಲ.

ಆರು ಷಿಲಿಂಗಿನ ಕಥೆ

ನಾಟಕದವರನ್ನು ಸಾಗಹಾಕುವುದೇ ಸುಲಭವಾದ ಉಪಾಯವೆಂದು ಎಣಿಸುವವರಿಗೆ ಇಂಗ್ಲೆಂಡಿನ ಒಂದು ಊರಿನ ಕಥೆಯನ್ನು ಹೇಳಬೇಕು. ಅದು ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್. ಅವನ ತಂದೆ ಅಲ್ಲಿಯ ಪುರಸಭೆಗೆ ಮುಖ್ಯನಾಗಿದ್ದಾಗ, ೧೫೬೯ರ ಸುಮಾರಿನಲ್ಲಿ, ಸಂಚಾರಿ ಮಂಡಳಿಗಳಿಗೆ ಊರಿನ ಹಣದಿಂದ ಸಂಭಾವನೆ ಕೊಟ್ಟದ್ದುಂಟು. ಮುಂದೆ ಊರಿನ ಮನಸ್ಸು ಬದಲಾಯಿತು. ೧೬೦೨ರಲ್ಲಿ ಸಭಾಭವನದಲ್ಲಿ ನಾಟಕವಾಡಲು ಅನುಮತಿ ಕೊಟ್ಟವರಿಗೆ ಹತ್ತು ಷಿಲಿಂಗು ದಂಡವೆಂದು ಪುರಸಭೆಯು ನಿರ್ಣಯಿಸಿತು. ೧೬೧೨ರಲ್ಲಿ ದಂಡವನ್ನು ಹತ್ತು ಪೌಂಡಿಗೆ ಏರಿಸಿತು. ಷೇಕ್ಸ್‌ಪಿಯರನು ಸತ್ತ ಆರು ವರ್ಷಗಳಿಗೆ, ೧೬೨೨ರಲ್ಲಿ, ಅವನ ಸ್ವಂತ ಮಂಡಳಿಯೇ ಅವನ ಊರಿಗೆ ಬಂದಾಗ, ಪುರಸಭೆಯವರು ಆರು ಷಿಲಿಂಗನ್ನು ಕೊಟ್ಟದ್ದು ನಾಟಕವಾಡಿದ್ದಕ್ಕಲ್ಲ, ಆಡದೆ ಹೋದದ್ದಕ್ಕೆ!

ಅದಕ್ಕೂ ಮುಂದೆ, ಕವಿಯ ಮನೆಯನ್ನೂ ಅವನು ನೆಟ್ಟನೆನ್ನಲಾದ ಹಿಪ್ಪುನೇರಳೆ ಮರವನ್ನೂ ನೋಡಲು ಬರುವವರ ಕಾಟವನ್ನು ತಾಳಲಾರದೆ, ಆ ಮನೆಯ ಒಡೆಯನಾಗಿದ್ದ ಗ್ಯಾಸ್ಟ್ರೆಲ್ ಎಂಬ ಪಾದ್ರಿಯು ೧೭೫೬ರಲ್ಲಿ ಮರವನ್ನು ಕಡಿಸಿದನು; ತೆರಿಗೆಯ ವಿಷಯದಲ್ಲಿ ಊರಿನೊಡನೆ ಜಗಳವಾಡಿ ೧೭೫೯ರಲ್ಲಿ ಮನೆಯನ್ನೇ ಕೆಡವಿಸಿದನು. ಇಂದು ಆ ಊರಿನ ಹೆಸರು, ಹೋಟೆಲು, ಅಂಗಡಿ, ಉದ್ಯೋಗ ಯಾವತ್ತೂ ನಾಟಕವನ್ನೇ ಆಧರಿಸಿ ನಿಂತಿವೆ. ಫ್ರಾನ್ಸಿನ ಅವಿನ್ಯೋನಿನಲ್ಲಿ ೨೦೦೩ರಲ್ಲಿ ರಂಗಕರ್ಮಿಗಳ ಮುಷ್ಕರದಿಂದ ಬೇಸಗೆಯ ನಾಟಕೋತ್ಸವವು ನಿಂತುಹೋದಾಗ ಊರಿನ ವರ್ತಕರೇ ಕಂಗಾಲಾದರು. ಆರು ಷಿಲಿಂಗನ್ನು ಕೊಟ್ಟು ಕಳುಹಿಸಿದುದು ಎಂತಹ ಲಕ್ಷ್ಮಿಯನ್ನೆಂಬುದು ಆ ದಿನ ಸ್ಟ್ರಾಟ್‌ಫರ್ಡಿನವರಿಗೆ ತಿಳಿಯುವಂತಿರಲಿಲ್ಲ. ಆದರೆ ಇದರಿಂದ ಊರವರು ಹಣಕ್ಕಾಗಿ ಎಲ್ಲವನ್ನೂ ಸಹಿಸಬೇಕೆಂಬ ಅರ್ಥ ಬರಕೂಡದು. ಪ್ರವಾಸಿಗಳ ಹಣವು ಹೋಟೆಲಿನವರಿಗೆ ಸೇರಿ, ಸದ್ದೂ ಕಸವೂ ಮಾತ್ರ ಓಣಿಯವರ ಪಾಲಾದರೆ ಅದೂ ಅನ್ಯಾಯದ ಹಂಚಿಕೆಯೇ.

ನಮ್ಮ ಬದನವಾಳು

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಬದನವಾಳು ಪ್ರವಾಸಿಗಳ ಊರಲ್ಲ. ಆದರೂ ಹೊರಗಿನವರು ಇಲ್ಲಿಗೆ ಬಂದು ಹೋಗಿರುವರು. ಇಲ್ಲಿಯ ಖಾದಿ ಕೇಂದ್ರಕ್ಕೆ ೧೯೨೭ರಲ್ಲಿ ಮಹಾತ್ಮ ಗಾಂಧಿಯವರು ಬಂದರು. ೧೯೯೩ರ ಮಾರ್ಚಿಯಲ್ಲಿ, ಸಿದ್ಧೇಶ್ವರ ದೇವಾಲಯದ ಪ್ರವೇಶಕ್ಕೆ ಸಂಬಂಧಿಸಿದ ಜಾತಿವೈಷಮ್ಯವು ಉಲ್ಬಣಿಸಿ ಮೂವರ ಕೊಲೆಯಾಯಿತು. ಎರಡು ಬೀದಿಗಳ ನಡುವಿನ ದಾರಿಯೇ ಬಳಕೆ ತಪ್ಪಿತು. ೨೦೧೫ರಲ್ಲಿ ರಂಗನಿರ್ದೇಶಕ ಪ್ರಸನ್ನನವರು ಶಿಥಿಲವಾಗಿದ್ದ ಖಾದಿ ಕೇಂದ್ರದ ಆವರಣಕ್ಕೆ ಬಂದು ಕುಳಿತು, ಸರಳವಾದ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹವನ್ನು ಹೂಡಿದರು. ಆ ವರ್ಷದ ಏಪ್ರಿಲ್ ೧೯ರಂದು ದೊಡ್ಡ ಸಮಾವೇಶವು ನಡೆಯಿತು. ೨೦೨೨ರ ಅಕ್ಟೋಬರ್ ೨ರಂದು ಭಾರತ ಜೋಡೊ ಯಾತ್ರೆಯು ಇಲ್ಲಿಗೆ ಬಂದಾಗ, ಇಪ್ಪತ್ತೊಂಬತ್ತು ವರ್ಷ ಬಳಕೆಯಿಲ್ಲದಿದ್ದ ಆ ದಾರಿಯನ್ನು ಸರಿಪಡಿಸಿ ತೆರೆಯಲಾಯಿತು.

ಈ ಸಂಗತಿಗಳನ್ನು ಇಲ್ಲಿ ಹೇಳಿದುದಕ್ಕೆ ಕಾರಣವಿದೆ. ಸತ್ಯಾಗ್ರಹವಾಗಲಿ, ಯಾತ್ರೆಯಾಗಲಿ, ನಾಟಕವಾಗಲಿ, ಹೊರಗಿನಿಂದ ಬಂದವರು ದೀಪವನ್ನು ಹಚ್ಚಬಲ್ಲರು. ಎಣ್ಣೆಯನ್ನು ಎರೆಯತಕ್ಕವರು ಊರವರು. ಬಂದವರು ಹೊರಟುಹೋದ ಮರುದಿನವೂ ಆ ಎರಡು ಬೀದಿಯವರು ಒಂದೇ ಕಟ್ಟೆಯ ಬಳಿಯಲ್ಲಿ ಎದುರುಬದುರಾಗಬೇಕು. ಆದ್ದರಿಂದ ಊರಿಗೆ ಬರುವ ಕಲಾವಿದನು ಆ ಊರಿನ ಗಾಯ ಎಲ್ಲಿದೆಯೆಂಬುದನ್ನು ತಿಳಿದುಕೊಂಡು ಬರಬೇಕು. ಗಾಯವನ್ನು ಮುಟ್ಟಲೇಕೂಡದೆಂದು ನಾವು ಹೇಳುವುದಿಲ್ಲ; ವೈದ್ಯನೂ ಮುಟ್ಟುವನು. ಮುಟ್ಟುವ ಮುನ್ನ ಕೈ ತೊಳೆದುಕೊಳ್ಳಬೇಕು, ಮುಟ್ಟಿದ ಮೇಲೆ ಕಟ್ಟು ಕಟ್ಟಬೇಕು.

ನಮ್ಮ ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಊರವರೇ ಆಡುವ ಕುರುಕ್ಷೇತ್ರ ನಾಟಕವನ್ನು ನೋಡದವರಾರು? ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಲಿಸುವರು. ಪರದೆಗಳನ್ನೂ ಕಿರೀಟ ಭುಜಕೀರ್ತಿಗಳನ್ನೂ ಬಾಡಿಗೆಗೆ ತರುವರು. ಪಾತ್ರಧಾರಿಗಳು ಸಂಬಳ ಪಡೆಯುವುದಿಲ್ಲ, ತಾವೇ ಹಣ ಕೊಡುವರು. ದುರ್ಯೋಧನನ ಪಾತ್ರವು ಬೇಕಾದವನು ಇತರರಿಗಿಂತ ಹೆಚ್ಚು ಕೊಡಬೇಕು. ಹಗಲೆಲ್ಲ ಗದ್ದೆಯಲ್ಲಿ ದುಡಿದವನು ರಾತ್ರಿ ಹಸ್ತಿನಾವತಿಯ ಒಡೆಯನಾಗಿ ಗದೆಯನ್ನೆತ್ತಿದಾಗ, ಶ್ರುತಿ ತಪ್ಪಿದರೂ ಮಾತು ಮರೆತರೂ ಊರಿಗೆ ಊರೇ ಬೆಳಗಿನವರೆಗೂ ಕುಳಿತು ಕೇಳುವುದು. ಅಂಶವನ್ನು ಕೊಟ್ಟವನೇ ಆಡುವವನು, ಅವನ ಬಂಧುಗಳೇ ನೋಡುವವರು. ಕೌಟಿಲ್ಯನ ವಿಧಿಯು ಪುಸ್ತಕದ ಹಂಗಿಲ್ಲದೆ ಇಲ್ಲಿ ಬದುಕಿದೆ. ಇಂತಹ ನಾಟಕಕ್ಕೆ ಕಾವಲು ಬೇಕಾಗುವುದಿಲ್ಲ. ಆದರೆ ಇಲ್ಲಿಯೂ ಒಂದು ಪರೀಕ್ಷೆಯುಂಟು: ಪಾತ್ರ ಹಂಚುವ ದಿನ ಯಾವ ಬೀದಿಯವರನ್ನು ಕರೆಯುತ್ತಾರೆ, ಯಾವ ಬೀದಿಯವರನ್ನು ಮರೆಯುತ್ತಾರೆ? ಎಲ್ಲ ಬೀದಿಗಳಿಗೂ ಪಾಲು ಸಿಕ್ಕಿದ ದಿನವೇ ಅದು ಊರಿನ ನಾಟಕವೆನ್ನಿಸಿಕೊಳ್ಳುವುದು. ಮಲೆನಾಡಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿ ಕೆ. ವಿ. ಸುಬ್ಬಣ್ಣನವರಿಂದ ಬೆಳೆದ ನೀನಾಸಂ ಸಂಸ್ಥೆಯು, ಅಡಕೆ ಬೆಳೆಯುವ ಹಳ್ಳಿಯವರೇ ನಟರೂ ಪ್ರೇಕ್ಷಕರೂ ಆತಿಥೇಯರೂ ಆದರೆ ಇಂತಹ ಪಾಲುಗಾರಿಕೆಯು ಎಷ್ಟು ದೂರ ಹೋಗಬಲ್ಲದೆಂಬುದನ್ನು ತೋರಿಸಿಕೊಟ್ಟಿತು.

ಮಾಡತಕ್ಕದ್ದೇನು?

ಇಷ್ಟರಿಂದ ಗೃಹಸ್ಥರಿಗೂ ನಾಟಕದವರಿಗೂ ಹೇಳತಕ್ಕ ಕೆಲವು ಮಾತುಗಳು ಹೊರಡುತ್ತವೆ. ನಾಟಕದವರು ಊರಿಗೆ ಬಂದೊಡನೆ ಊರಿನ ಪ್ರಮುಖರನ್ನು ಮಾತ್ರವಲ್ಲದೆ ರಂಗಮಂದಿರದ ಅಕ್ಕಪಕ್ಕದ ಮನೆಗಳವರನ್ನು ಕಂಡು, ಯಾವ ವೇಳೆಗೆ ಆರಂಭ, ಯಾವ ವೇಳೆಗೆ ಮುಕ್ತಾಯ ಎಂಬುದನ್ನು ತಿಳಿಸಿ ಆ ಮಾತಿಗೆ ತಪ್ಪದಿರಬೇಕು. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಧ್ವನಿವರ್ಧಕದ ಕೊರಳನ್ನು ತಗ್ಗಿಸಬೇಕು. ಪರಸ್ಥಳದವರಿಗೆ ಮಾರಿ ಉಳಿದ ಸ್ಥಳಗಳನ್ನು ಊರವರಿಗೆ ಕೊಡುವುದಕ್ಕೆ ಬದಲಾಗಿ, ಊರವರಿಗಾಗಿಯೇ ಒಂದು ರಾತ್ರಿಯನ್ನು ಕಡಮೆ ಬೆಲೆಗೆ ಮೀಸಲಿಡಬೇಕು. ವಿವಾದಾಸ್ಪದವಾದ ನಾಟಕವಾದರೆ ಆಟ ಮುಗಿದ ಮೇಲೆ ಅರ್ಧ ಗಂಟೆ ರಂಗದ ಮೇಲೆಯೇ ಕುಳಿತು ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಬಲಿಷ್ಠರನ್ನು ಹಾಸ್ಯಮಾಡುವುದು ನಟನ ಹಳೆಯ ಹಕ್ಕು. ಎದುರು ಮಾತನಾಡಲಾರದ ದುರ್ಬಲರನ್ನು ಹಾಸ್ಯಮಾಡುವುದು ಭರತಪುತ್ರರ ಅವಿನಯ.

ಊರವರು ಮಾಡತಕ್ಕದ್ದೂ ಕಡಮೆಯಲ್ಲ. ನಾಟಕವನ್ನು ನೋಡದೆ ನಿಂದಿಸಕೂಡದು. ಹಿಡಿಸದಿದ್ದರೆ ಎದ್ದು ಹೋಗಬಹುದು, ಪತ್ರಿಕೆಗೆ ಬರೆಯಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಎಲ್ಲಕ್ಕಿಂತ ಮೇಲಾದ ಉತ್ತರವು ಇನ್ನೊಂದು ನಾಟಕವನ್ನು ಬರೆದು ಆಡಿಸುವುದು. ಆಟವಾಡುತ್ತಿರುವವನ ಮೇಲೆ ಕೈ ಮಾಡುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಪುಕ್ಕಟೆ ಪಾಸನ್ನು ಕೇಳದೆ ಟಿಕೆಟ್ಟು ಕೊಂಡು ನೋಡಬೇಕು; ತನ್ನ ಪಾಲನ್ನು ಕೊಟ್ಟವನ ಆಕ್ಷೇಪಣೆಗೆ ತೂಕ ಹೆಚ್ಚು. ನಟನಟಿಯರಿಗೆ ಬಾಡಿಗೆಗೆ ಮನೆ ಕೊಡುವುದು, ಅವರ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸಿಕೊಳ್ಳುವುದು, ಹಬ್ಬದ ದಿನ ಊಟಕ್ಕೆ ಕರೆಯುವುದು, ಇವೆಲ್ಲ ಸಣ್ಣ ಕೆಲಸಗಳಂತೆ ತೋರಬಹುದು. ಆದರೆ ಮನೆಯಲ್ಲಿ ಉಂಡವನು ಮರುರಾತ್ರಿ ಆ ಮನೆಯವರೆದುರಿಗೆ ಆಡುವಾಗ ತನ್ನ ನಾಲಿಗೆಯನ್ನು ತಾನೇ ಕಾಯುವನು. ಉಣ್ಣಿಸಿದವರೂ ಅವನ ಒಂದೆರಡು ತಪ್ಪುಗಳನ್ನು ಮನ್ನಿಸುವರು. ಪೋಲೀಸರ ದಂಡದಿಂದ ಆಗದ ಕೆಲಸವು ಒಂದು ಪಂಕ್ತಿಯ ಊಟದಿಂದ ಆಗುವುದನ್ನು ನಮ್ಮ ಹಿರಿಯರು ಬಲ್ಲರು.

ಜಾತ್ರೆಯ ಕಾಲವು ಬಂದಾಗ ತಮ್ಮ ಊರಿಗೆ ಬರುವ ಮಂಡಳಿಯನ್ನು ವಾಚಕರು ಈ ದೃಷ್ಟಿಯಿಂದ ಎದುರುಗೊಳ್ಳಲಿ. ಮಂಡಳಿಯವರೂ ತಾವು ಇಳಿದ ಊರನ್ನು ಬರಿಯ ಗಲ್ಲಾಪೆಟ್ಟಿಗೆಯೆಂದು ಎಣಿಸದಿರಲಿ. ವಿರೂಪಾಕ್ಷನ ದೂರನ್ನು ಬ್ರಹ್ಮನು ಕುಳಿತು ಕೇಳಿದನು. ಕೇಳಿದ ಮೇಲೆಯೂ ನಾಟಕವನ್ನು ನಿಲ್ಲಿಸಲಿಲ್ಲ. ಈ ಎರಡನ್ನೂ ಒಟ್ಟಿಗೆ ಮಾಡಬಲ್ಲ ಊರಿನಲ್ಲಿ ನಾಟಕವೂ ಉಳಿಯುವುದು, ನೆರೆಹೊರೆಯೂ ಉಳಿಯುವುದು.